‘ವಾರಂಟಿಯಲ್ಲಿ ಬರುವುದಿಲ್ಲ’ ಎಂದರೆ, ಬರೆದುಕೊಡಿ ಎನ್ನಿ

ಗ್ರಾಹಕರ ದಾವೆಗಳನ್ನು ನಡೆಸುವ ವಕೀಲನಾದ ನನ್ನ ಬಳಿಗೆ ಕಳೆದ ತಿಂಗಳು ತುಮಕೂರಿನ ಶಿಕ್ಷಕಿಯೊಬ್ಬರು ಬಂದಿದ್ದರು. ಕಾರು ಕೊಂಡಾಗಲೇ ಹಣ ಕಟ್ಟಿ ವಿಸ್ತರಿತ ವಾರಂಟಿ ಪಡೆದಿದ್ದರು. ನಾಲ್ಕನೇ ವರ್ಷ ಎಸಿ ಕಂಪ್ರೆಸರ್ ಕೆಟ್ಟಿತು. “ಒಂದು ಸರ್ವಿಸ್ ತಡವಾಗಿ ಮಾಡಿಸಿದ್ದೀರಿ ಮೇಡಂ, ವಾರಂಟಿಯಲ್ಲಿ ಬರುವುದಿಲ್ಲ” ಎಂದು ಡೀಲರ್ ಕಡೆಯವರು ಫೋನಿನಲ್ಲೇ ಹೇಳಿ ಮುಗಿಸಿದ್ದರು. ಕಡತದಲ್ಲಿ ರಸೀದಿ, ಜಾಬ್ ಕಾರ್ಡ್, ದುರಸ್ತಿಯ ಅಂದಾಜು ಪಟ್ಟಿ ಎಲ್ಲವೂ ಇದ್ದವು. ನಿರಾಕರಣೆಯ ಪತ್ರ ಮಾತ್ರ ಇರಲಿಲ್ಲ.

ಇಂಥ ಬಹುತೇಕ ಪ್ರಕರಣಗಳು ಸೊರಗುವುದು ಇಲ್ಲಿಯೇ. ಯಾವ ಷರತ್ತಿನ ಪ್ರಕಾರ, ಯಾವ ತಪಾಸಣೆಯ ಆಧಾರದ ಮೇಲೆ ನಿರಾಕರಿಸುತ್ತೀರಿ ಎಂದು ಇಮೇಲ್ ಮೂಲಕ ಕೇಳಿ. ಬಾಯಲ್ಲಿ ಸಲೀಸಾಗಿ ಬರುವ ಕಾರಣ ಕಾಗದಕ್ಕೆ ಇಳಿಯುವಾಗ ಎಷ್ಟೋ ಸಲ ತಡವರಿಸುತ್ತದೆ. ವಾರಂಟಿ ಕೊಟ್ಟವರು ಯಾರೆಂಬುದನ್ನೂ ನೋಡಿಕೊಳ್ಳಿ: ಕೆಲವೊಮ್ಮೆ ಅದು ಕಾರು ತಯಾರಕರದ್ದು, ಕೆಲವೊಮ್ಮೆ ಬೇರೊಂದು ಕಂಪನಿಯದ್ದು. ಪತ್ರ ಡೀಲರ್‌ಗೂ ವಾರಂಟಿ ಕೊಟ್ಟವರಿಗೂ ಹೋಗಲಿ.

ಬ್ರೇಕ್ ಪ್ಯಾಡ್, ಕ್ಲಚ್, ವೈಪರ್‌ಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಅದರ ಬಗ್ಗೆ ಜಗಳವಾಡಿ ಫಲವಿಲ್ಲ. ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಬೇಕೆಂಬ ಷರತ್ತೂ ನಿಜವೇ. ಆದರೆ ಎಂಜಿನ್ ಆಯಿಲ್ ತಡವಾಗಿ ಬದಲಾಯಿಸಿದ್ದಕ್ಕೂ ಎಸಿ ಕಂಪ್ರೆಸರ್‌ಗೂ ಏನು ಸಂಬಂಧ? ಕಂಪ್ರೆಸರ್‌ನ ಎಣ್ಣೆಯೇ ಬೇರೆ, ಅದು ಎಸಿ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಈ ಪ್ರಶ್ನೆಯನ್ನು ನಾವು ಪತ್ರದಲ್ಲಿ ನೇರವಾಗಿಯೇ ಕೇಳಿದೆವು.

ಕಾರು ತುರ್ತಾಗಿ ಬೇಕಾಗಿ ಹಣ ಕಟ್ಟಲೇಬೇಕಾದರೆ, “ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ” ಎಂದು ಬಿಲ್ಲಿನ ಮೇಲೆ ಬರೆದು ಸಹಿ ಮಾಡಿ. ಬಿಚ್ಚಿದ ಹಳೆಯ ಭಾಗವನ್ನು ದಯವಿಟ್ಟು ಅಲ್ಲೇ ಬಿಟ್ಟು ಬರಬೇಡಿ. ದೋಷ ಪತ್ತೆಗೆ ಗ್ರಾಹಕ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಭಾಗ ಗುಜರಿ ಸೇರಿದ್ದರೆ ಏನನ್ನು ಕಳುಹಿಸುವುದು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ಸೇವಾ ನ್ಯೂನತೆಯೇ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ.

ಪತ್ರ ತಲುಪಿದ ಆರನೇ ದಿನ ಶಿಕ್ಷಕಿಗೆ ಉತ್ತರ ಬಂತು: ಕಂಪ್ರೆಸರ್ ಉಚಿತ, ಕೂಲಿ ಮಾತ್ರ ನಿಮ್ಮದು. ಅವರ ವಾರಂಟಿ ಪುಸ್ತಕದಲ್ಲಿ ಕೂಲಿಯೂ ಸೇರಿದೆ. ಆ ಪುಟದ ಫೋಟೊ ತೆಗೆದು ನಿನ್ನೆ ಕಳುಹಿಸಿದ್ದೇವೆ.