30 ಚದರ ಮೀಟರ್ ಮನೆಯ ಕಿಟಕಿ ಲೆಕ್ಕ

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಮನೆಯೆಂದರೆ ಹೆಚ್ಚೆಂದರೆ 30 ಚದರ ಮೀಟರ್ ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆಗಳ ಒಳಗೆ ಬಳಸಲು ಸಿಗುವ ನೆಲ, ಎಂದಿತ್ತು. ಇಷ್ಟು ಚಿಕ್ಕ ಮನೆಯಿಂದ ಒಗ್ಗರಣೆಯ ಘಾಟು, ಬಚ್ಚಲಿನ ತೇವ, ಏಪ್ರಿಲ್‌ನ ಸೆಕೆ ಮೂರನ್ನೂ ಕರೆಂಟ್ ಖರ್ಚಿಲ್ಲದೆ ಹೊರಗೆ ಕಳಿಸುವುದು ಕಿಟಕಿಯೊಂದೇ. ಕಿಟಕಿ ಎಷ್ಟಿರಬೇಕು ಎಂಬುದಕ್ಕೆ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯಲ್ಲಿ, ಅಂದರೆ ವಸತಿ ಕಟ್ಟಡಗಳಲ್ಲಿ ಶಕ್ತಿ ಉಳಿಸಲು ಕೇಂದ್ರ ಸರ್ಕಾರ ತಂದ ನಿಯಮಾವಳಿಯಲ್ಲಿ, ಅಳತೆಯಿದೆ. ಮನೆಯಲ್ಲಿ ತೆರೆಯಬಲ್ಲ ವಿಸ್ತೀರ್ಣವು ಕಾರ್ಪೆಟ್ ಏರಿಯಾದ ಇಂತಿಷ್ಟು ಭಾಗ ಇರಲೇಬೇಕು: ಬೆಂಗಳೂರಿನಂಥ ಸಮಶೀತೋಷ್ಣ ಊರಿಗೆ ಶೇ. 12.5, ಮಂಗಳೂರಿನಂಥ ಸೆಕೆ–ತೇವದ ಊರಿಗೆ ಶೇ. 16.66.

ನಾನು ಎಡವಿದ್ದು ‘ತೆರೆಯಬಲ್ಲ’ ಎಂಬ ಪದದಲ್ಲಿ. ಪರೀಕ್ಷೆಗೆ ಓದುತ್ತಾ ನಾನು ಲೆಕ್ಕ ಹಾಕಿದ 30 ಚದರ ಮೀಟರ್ ಮನೆಯ ನಕ್ಷೆಯಲ್ಲಿ 1.2 ಮೀಟರ್ ಅಗಲ, ಅಷ್ಟೇ ಎತ್ತರದ ಮೂರು ಕಿಟಕಿಗಳಿದ್ದವು. ಒಂದೊಂದು 1.44 ಚದರ ಮೀಟರ್, ಒಟ್ಟು 4.32, ಬೆಂಗಳೂರಿಗೆ ಬೇಕಾದ್ದು 3.75 ಮಾತ್ರವಾದ್ದರಿಂದ ಉತ್ತರ ಸರಿಯೆಂದುಕೊಂಡು ಮುಂದಿನ ಲೆಕ್ಕಕ್ಕೆ ಹೋದೆ. ಆದರೆ ಅವು ಸ್ಲೈಡಿಂಗ್ ಕಿಟಕಿಗಳು. ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜನ್ನು ಸರಿಸಿದರೆ ಅದು ಇನ್ನೊಂದರ ಹಿಂದೆ ಹೋಗಿ ನಿಲ್ಲುತ್ತದೆಯೇ ಹೊರತು ಮಾಯವಾಗುವುದಿಲ್ಲ. ಯಾವ ಕಡೆಗೆ ಸರಿಸಿದರೂ ಗಾಳಿಗೆ ದಕ್ಕುವುದು ಅರ್ಧವೇ. ಆದ್ದರಿಂದ ಸಂಹಿತೆ ಅದನ್ನು ಶೇ. 50ರಂತೆ ಎಣಿಸುತ್ತದೆ. ನನ್ನ 4.32 ಆಗ 2.16ಕ್ಕೆ, ಅಂದರೆ ಶೇ. 7.2ಕ್ಕೆ ಇಳಿಯಿತು. ಗೋಡೆಯ ಕಿಂಡಿ ಅದೇ ಇರಲಿ, ಕೀಲಿನ ಮೇಲೆ ತೆರೆಯುವ ಕದ ಹಾಕಿದರೆ ಶೇ. 90 ಎಣಿಕೆಗೆ ಬರುತ್ತದೆ: 3.89 ಚದರ ಮೀಟರ್, ಸುಮಾರು ಶೇ. 13. ಬೆಂಗಳೂರು ಪಾಸು.

ಮಂಗಳೂರಿಗೆ ಸುಮಾರು 5 ಚದರ ಮೀಟರ್ ಬೇಕು. ಇಲ್ಲಿ ಬಾಲ್ಕನಿಯ ಬಾಗಿಲು ನೆರವಿಗೆ ಬರುತ್ತದೆ. 0.75 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿನ ಶೇ. 90 ಎಂದರೆ 1.42, ಒಟ್ಟು 5.31 ಆಗಿ ಲೆಕ್ಕ ಕೂಡುತ್ತದೆ. ಬಾಲ್ಕನಿಯ ನೆಲ ಕಾರ್ಪೆಟ್ ಏರಿಯಾಕ್ಕೆ ಸೇರದು, ಅದರ ಬಾಗಿಲು ಮಾತ್ರ ಗಾಳಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಪರೀಕ್ಷೆಯಲ್ಲೂ ನಕ್ಷೆಯಲ್ಲೂ ನೆನಪಿಡಬೇಕಾದ ಅನುಕೂಲ. ಕಾರಿಡಾರಿಗೆ ತೆರೆಯುವ ಮುಂಬಾಗಿಲನ್ನು ಸೇರಿಸಬಾರದು. ನಾನು ಮೊದಲು ಅದನ್ನೂ ಸೇರಿಸಿದ್ದೆ. ರಾತ್ರಿ ಅದನ್ನು ತೆರೆದಿಟ್ಟು ಯಾರೂ ಮಲಗುವುದಿಲ್ಲ ಎಂದುಕೊಂಡ ಮೇಲೆ ನಿಯಮ ಮರೆಯಲಿಲ್ಲ.

ಇದೇ ಸಂಹಿತೆಯ ಚಾವಣಿಯ ನಿಯಮ ಸರಳ: ಒಳಗಿನ ಮತ್ತು ಹೊರಗಿನ ಉಷ್ಣತೆಯ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಕೂಡದು. ಬರಿಯ ಆರ್‌ಸಿಸಿ ತಾರಸಿ ಈ ಮಿತಿಯ ಹತ್ತಿರವೂ ಸುಳಿಯದು, ಮೇಲೊಂದು ಶಾಖನಿರೋಧಕ ಪದರ ಬೇಕೇ ಬೇಕು. 2018ರ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ವಸತಿ ಕಟ್ಟಡಗಳಿಗೆ. 20x30 ಅಡಿ ಸೈಟಿನ ಮನೆಗೆ ಅದು ಅನ್ವಯಿಸದಿದ್ದರೂ ಕಿಟಕಿಯ ಲೆಕ್ಕ ಅಲ್ಲಿಗೂ ಒಗ್ಗುತ್ತದೆ.

ನಕ್ಷೆಯಲ್ಲಿ ಇನ್ನೊಂದು ತೊಡಕು ಉಳಿದಿದೆ. ಕದ ಹೊರಕ್ಕೆ ತೆರೆದರೆ ಗ್ರಿಲ್ಲು ಒಳಗೆ ಬರಬೇಕು, ಸೊಳ್ಳೆ ಜಾಲರಿ ಅದಕ್ಕೂ ಒಳಗೆ. ಹಾಗಾಗಿ ಜಾಲರಿಯನ್ನೂ ಕೀಲಿನ ಮೇಲೆ ಕೂರಿಸದಿದ್ದರೆ ಚಿಲಕಕ್ಕೆ ಕೈ ಎಟುಕುವುದಿಲ್ಲ.