ಅಂಗಳದ ಉಣುಗು: ಬೇಸಿಗೆಯ ಕೆಲಸ ಮಳೆಗಾಲದಲ್ಲೇ ಶುರು

ಜನವರಿ ಬಂತೆಂದರೆ ಮಲೆನಾಡಿನ ಪಶುವೈದ್ಯರಿಗೆ ಒಂದೇ ಬೇಡಿಕೆ. "ಡಾಕ್ಟ್ರೇ, ಅಂಗಳಕ್ಕೆ ಹೊಡೆಯೋಕೆ ಏನಾದ್ರೂ ಔಷಧಿ ಬರ್ಕೊಡಿ. ಮಕ್ಕಳು ಅಲ್ಲೇ ಆಡ್ತಾವೆ." ಹತ್ತಿರದ ಕಾಡಿನಲ್ಲಿ ಮಂಗ ಸತ್ತ ಸುದ್ದಿ ಆಗಷ್ಟೇ ಬಂದಿರುತ್ತದೆ. ಅಂದರೆ ಉಣುಗು ಹರಡುವ ಮಂಗನ ಕಾಯಿಲೆ ಹತ್ತಿರ ಬಂದಿರಬಹುದು, ಹೆದರಿಕೆ ಸಹಜ. ನನ್ನ ಉತ್ತರ ಮಾತ್ರ ಹೆಚ್ಚಿನವರಿಗೆ ಸಮಾಧಾನ ಕೊಡುವುದಿಲ್ಲ. ಜನವರಿಯಲ್ಲಿ ಅಂಗಳದ ಅಂಚಿನಲ್ಲಿ ಕಾದು ಕೂತಿರುವ ಉಣುಗಿನ ತಾಯಿ, ಹಿಂದಿನ ಮಳೆಗಾಲದಲ್ಲಿ ಯಾವುದೋ ದನದ ಮೈಯಿಂದಲೋ ಕಾಡುಪ್ರಾಣಿಯ ಮೈಯಿಂದಲೋ ಉದುರಿದ್ದು. ಅದನ್ನು ಆಗಲೇ ತಡೆದಿದ್ದರೆ ಈಗಿನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಮಂಗನ ಕಾಯಿಲೆ ಅಂದರೆ ಮಂಗಗಳಿಗೂ ಮನುಷ್ಯರಿಗೂ ಬರುವ ವೈರಸ್ ಜ್ವರ. ಅದನ್ನು ಮನುಷ್ಯರಿಗೆ ಹೆಚ್ಚಾಗಿ ದಾಟಿಸುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಬಯಲುಸೀಮೆಯವರು ಉಣ್ಣೆ ಅನ್ನುತ್ತಾರಲ್ಲ, ಅದೇ ಬಳಗ. ಇದರ ವರ್ಷ ನಡೆಯುವುದು ಹೀಗೆ. ಬೆಳೆದ ಉಣುಗು ಜೋರಾಗಿರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಆಗ ಅದಕ್ಕೆ ದೊಡ್ಡ ಪ್ರಾಣಿ ಬೇಕು. ಕಾಡಿನಲ್ಲಿ ಮೇಯುವ ದನ ಸುಲಭವಾಗಿ ಸಿಗುತ್ತದೆ. ರಕ್ತ ಕುಡಿದು ಊದಿಕೊಂಡ ಹೆಣ್ಣು ಕಳಚಿ ನೆಲಕ್ಕೆ ಬೀಳುತ್ತದೆ. ಎಲೆಯಡಿ ಸೇರಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ಇಲಿ, ಸುಂಡಿಲಿ, ಅಳಿಲು, ಹಕ್ಕಿ, ಮಂಗ, ಹೀಗೆ ಸಿಕ್ಕಿದ್ದಕ್ಕೆ ಅಂಟಿಕೊಂಡು ರಕ್ತ ಕುಡಿದು ಉದುರುತ್ತವೆ. ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತವೆ. ಗಾತ್ರ ಗಸಗಸೆ ಕಾಳಿನಷ್ಟು. ನವೆಂಬರ್, ಡಿಸೆಂಬರ್‌ನಿಂದ ಮೇ ತನಕ ನಮ್ಮನ್ನು ಕಚ್ಚುವುದು ಬಹುತೇಕ ಇವೇ.

ಇದರಲ್ಲಿ ದನದ ಪಾಲು ಏನು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ದನ ಈ ಕಾಯಿಲೆಯಿಂದ ನರಳುವುದಿಲ್ಲ. ಮರಿ ಉಣುಗಿಗೆ ವೈರಸ್ ಹತ್ತುವುದು ಸೋಂಕಿರುವ ಮಂಗದಿಂದ ಅಥವಾ ಕಾಡಿನ ಸಣ್ಣ ಪ್ರಾಣಿಗಳಿಂದ. ದನ ಮಾಡುವುದು ಬೇರೆ ಕೆಲಸ. ಬೆಳೆದ ಉಣುಗಿಗೆ ಅದು ಊಟ ಹಾಕುತ್ತದೆ, ಸಂಖ್ಯೆ ಬೆಳೆಸುತ್ತದೆ, ಕಾಡಿನದ್ದನ್ನು ಮನೆ ಬಾಗಿಲಿಗೆ ತಂದು ಬಿಡುತ್ತದೆ. ಸಂಜೆ ಕೊಟ್ಟಿಗೆಗೆ ಬಂದ ದನದಿಂದ ಉದುರಿದ ಹೆಣ್ಣು ಮೊಟ್ಟೆ ಇಡುವುದು ಕೊಟ್ಟಿಗೆಯ ಹಿಂದೆ, ಗೊಬ್ಬರದ ಗುಂಡಿಯ ಅಂಚಿನಲ್ಲಿ, ದನ ನಡೆಯುವ ದಾರಿಯ ಬದಿಯ ಹುಲ್ಲಿನಲ್ಲಿ.

ಹಾಗಾಗಿ ಅಂಗಳ ಕಾಯುವ ಮೊದಲ ಕೆಲಸ ಜೂನ್ ತಿಂಗಳಲ್ಲಿ, ದನದ ಮೈ ಮೇಲೆ. ಸಂಜೆ ಹಾಲು ಕರೆಯುವ ಮುಂಚೆ ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ತೊಡೆಸಂದಿಯಲ್ಲಿ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ನೋಡಿ. ಕಿತ್ತಿದ್ದನ್ನು ಅಲ್ಲೇ ನೆಲಕ್ಕೆ ಹಾಕಬೇಡಿ, ಉಗುರಲ್ಲಿ ಹಿಸುಕಲೂ ಬೇಡಿ. ಸೋಪಿನ ನೀರಿರುವ ಡಬ್ಬಿಗೆ ಹಾಕಿ. ಕೈಗೆ ಗ್ಲೌಸ್ ಇರಲಿ. ಇನ್ನು ಔಷಧಿ. ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಎರಡೂ ಕೆಲಸ ಮಾಡುತ್ತವೆ, ಆದರೆ ನೀರಲ್ಲಿ ಕಲಸಿ ಸಿಂಪಡಿಸಿದ್ದು ಮಲೆನಾಡಿನ ಮಳೆಗೆ ತೊಳೆದು ಹೋಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಬೆನ್ನಿನ ಉದ್ದಕ್ಕೆ ಸುರಿಯುವ ಫ್ಲುಮೆಥ್ರಿನ್‌ನಂಥದ್ದನ್ನು ನಾನು ಹೆಚ್ಚು ಬರೆಯುತ್ತೇನೆ. ದನದ ತೂಕಕ್ಕೆ ತಕ್ಕಷ್ಟು ಹಾಕಬೇಕು. ದುಡ್ಡು ಉಳಿಸಲು ಕಡಿಮೆ ಹಾಕಿದರೆ ಗಟ್ಟಿ ಉಣುಗುಗಳು ಉಳಿದು, ಮುಂದಿನ ಸಲ ಅದೇ ಔಷಧಿ ನಾಟುವುದಿಲ್ಲ. ಐವರ್ಮೆಕ್ಟಿನ್ ಇಂಜೆಕ್ಷನ್ ಕೊಡಿಸಿ ಅಂತ ಕೇಳುವವರೂ ಇದ್ದಾರೆ. ಹಾಲು ಕೊಡುವ ಹಸುವಿಗೆ ಅದು ಬೇಡ. ಅಂಶ ಹಾಲಿನಲ್ಲಿ ಬಹಳ ದಿನ ಬರುತ್ತಿರುತ್ತದೆ.

ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನೂ ಮರೆಯಬಾರದು. ದನದ ಮೈಯಲ್ಲಿ ಬೇರೆ ಬೇರೆ ಜಾತಿಯ ಉಣುಗು ಇರುತ್ತವೆ. ಅವುಗಳಲ್ಲಿ ಕೆಲವು ಬಿರುಕಿನಲ್ಲೇ ಸಂಸಾರ ಮಾಡುತ್ತವೆ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ.

ಈಗ ದರಕಿನ, ಅಂದರೆ ಉದುರಿದ ಒಣ ಎಲೆಯ ವಿಷಯ. ನನ್ನ ಪ್ರಕಾರ ಮಲೆನಾಡಿನ ಮನೆಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಉದುರಿದ ಒಣ ಎಲೆಯನ್ನು ಗುಡಿಸಿ, ಹೊರೆ ಕಟ್ಟಿ ತಂದು, ಮನೆ ಪಕ್ಕ ರಾಶಿ ಹಾಕಿ, ವರ್ಷವಿಡೀ ಕೊಟ್ಟಿಗೆಗೆ ಹಾಸುವುದು ನಮ್ಮ ಪದ್ಧತಿ. ಅಡಿಕೆ ತೋಟಕ್ಕೆ ಗೊಬ್ಬರ ಆಗುವುದು ಇದರಿಂದಲೇ. ಬಿಡಿ ಅಂತ ಹೇಳುವುದು ಸುಲಭ, ಬಿಟ್ಟರೆ ತೋಟ ಏನು ತಿನ್ನಬೇಕು? ಆದರೆ ಎಲೆ ಉದುರುವ ತಿಂಗಳೂ ಎಳೆ ಉಣುಗು ಕಾದು ಕೂರುವ ತಿಂಗಳೂ ಒಂದೇ. ಕಾಡಿನ ನೆಲದಿಂದ ಗುಡಿಸಿದ ಎಲೆಯ ಜೊತೆ ಅವೂ ಹೊರೆಯಲ್ಲಿ ಬರುತ್ತವೆ, ತಲೆ ಮೇಲೆ ಹೊತ್ತವರ ಕತ್ತಿಗೆ ಇಳಿಯುತ್ತವೆ. 2011-12ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಹರಡಿದಾಗ ನಡೆದ ಅಧ್ಯಯನದಲ್ಲೂ, ಕಾಡಿಗೆ ಹೋಗುವುದು ಮತ್ತು ದನದ ಕೆಲಸದ ಜೊತೆಗೆ ಮನೆ ಹತ್ತಿರ ಒಣ ಎಲೆಯ ರಾಶಿ ಇರುವುದು ಅಪಾಯ ಹೆಚ್ಚಿಸುತ್ತದೆ ಎಂದು ಕಂಡುಬಂತು.

ಹಾಗಾದರೆ ಏನು ಮಾಡಬೇಕು? ಮಂಗ ಸತ್ತ ಕಾಡಿನಿಂದ ಆ ವರ್ಷ ದರಕು ತರಲೇಬೇಡಿ. ಬೇರೆ ಕಡೆಯಿಂದ ತಂದರೂ ರಾಶಿ ಮನೆಯ ಗೋಡೆಗೆ ತಾಗಿ ಬೇಡ. ಮಕ್ಕಳು ಹೋಗದ, ಚೆನ್ನಾಗಿ ಬಿಸಿಲು ಬೀಳುವ ಕಡೆ ಹಾಕಿ. ನೆರಳಿನ ಮೂಲೆಯ ರಾಶಿಯ ಒಳಗೆ ತೇವ ಉಳಿಯುತ್ತದೆ, ಇಲಿ ಗೂಡು ಮಾಡುತ್ತದೆ. ಉಣುಗಿಗೆ ಬೇಕಾದ ಎರಡೂ ಅಲ್ಲೇ ಸಿಕ್ಕಂತೆ. ಸಾಧ್ಯವಿದ್ದಷ್ಟು ತೋಟದ ಒಳಗಿನ ಸೋಗೆಯನ್ನೇ ಕತ್ತರಿಸಿ ಹಾಸಿಗೆಗೆ ಬಳಸಿ. ಕಾಡಿನ ಎಲೆಯ ಮೇಲಿನ ಅವಲಂಬನೆ ಅಷ್ಟಾದರೂ ಕಡಿಮೆಯಾಗುತ್ತದೆ. ರಾಶಿಗೆ ಬೆಂಕಿ ಇಡುವುದು ಬೇಡ. ಬೇಸಿಗೆಯಲ್ಲಿ ಕಾಡಂಚಿನ ಕಿಡಿ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಅಂಗಳದ ವಿಷಯಕ್ಕೆ ಬಂದರೆ, ಒಂದು ಮಾತು ನೆನಪಿರಲಿ. ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದಿಂದ ತಲೆ ಮೇಲೆ ಬೀಳುವುದೂ ಇಲ್ಲ. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಮೈಶಾಖ ಅದಕ್ಕೆ ಗೊತ್ತಾಗುತ್ತದೆ. ತಾಗಿದರೆ ಹಿಡಿದುಕೊಳ್ಳುತ್ತದೆ. ಸ್ವಂತ ಕಾಲಲ್ಲಿ ಹೋಗುವ ದೂರ ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಗಾಳಿಯಲ್ಲಿ ತೇವ ಇಲ್ಲದಿದ್ದರೆ ಒಣಗಿ ಸಾಯುತ್ತದೆ. ಬಿಸಿಲು ಬೀಳುವ ಬರಿ ನೆಲದಲ್ಲಿ ಅದಕ್ಕೆ ಬದುಕಿಲ್ಲ.

ನಮ್ಮ ಹಿರಿಯರ ಅಂಗಳ ಹಾಗೇ ಇತ್ತು, ಅಲ್ವಾ? ಮಳೆಗಾಲ ಮುಗಿದ ಮೇಲೆ ಹುಲ್ಲು ಕೆತ್ತಿ, ನೆಲ ತಟ್ಟಿ, ಸಗಣಿ ಬಳಿದು, ಅಡಿಕೆ ಒಣಗಿಸಲು ಅಣಿ ಮಾಡುತ್ತಿದ್ದರು. ಅಡಿಕೆಗಾಗಿ ಮಾಡಿದ ಕೆಲಸ ಉಣುಗಿಗೂ ತಡೆಯಾಗುತ್ತಿತ್ತು. ಈಗ ಕಾಡಂಚಿನ ಹೋಂಸ್ಟೇಗಳಲ್ಲಿ, ಹೊಸ ಮನೆಗಳಲ್ಲಿ ಬಾಗಿಲವರೆಗೂ ದಟ್ಟ ಹುಲ್ಲು, ಕಾಲುದಾರಿಯ ಎರಡೂ ಕಡೆ ಮೊಣಕಾಲುದ್ದದ ಗಿಡ. ನೋಡಲು ಚಂದ, ಒಪ್ಪುತ್ತೇನೆ. ಆದರೆ ಅದರ ಪಕ್ಕದಲ್ಲೇ ಕಾಡು ಇದ್ದರೆ ನನಗೆ ಅದು ಸರಿ ಕಾಣುವುದಿಲ್ಲ. ಹುಲ್ಲು ಬೇಕೇ ಬೇಕೆಂದರೆ ಗಿಡ್ಡಕ್ಕೆ ಕತ್ತರಿಸಿ. ಕಾಡು ಅಥವಾ ಬೇಣದ (ಹುಲ್ಲುಗಾವಲಿನ) ಕಡೆಯ ಅಂಚಿನಲ್ಲಿ ಕನಿಷ್ಠ ಮೂರು ಅಡಿ, ಜಾಗ ಇದ್ದರೆ ಇನ್ನೂ ಜಾಸ್ತಿ ಅಗಲಕ್ಕೆ ಹುಲ್ಲು ಕೆತ್ತಿ ಜಲ್ಲಿಯೋ ಮರಳೋ ಹಾಕಿ, ಎಲೆ ಬಿದ್ದ ಹಾಗೆ ಗುಡಿಸುತ್ತಿರಿ. ಲಂಟಾನ ಪೊದೆ ಅಂಗಳದ ಹತ್ತಿರ ಇದ್ದರೆ ಬುಡಸಮೇತ ತೆಗೆಸಿ. ಕೆಳಕೊಂಬೆ ಸವರಿ ಬಿಸಿಲು ಒಳಗೆ ಬಿಡಿ. ಸೌದೆ, ಅಡಿಕೆ ಸಿಪ್ಪೆ, ಹಾಳೆ ಇವುಗಳ ರಾಶಿ ಜಗುಲಿಯಿಂದ ದೂರ ಇರಲಿ. ಜೋಕಾಲಿ, ಕಲ್ಲುಬೆಂಚು, ಬಟ್ಟೆ ಒಣಗಿಸುವ ತಂತಿ ಅಂಗಳದ ನಡುವೆ ಬರಲಿ, ಬೇಲಿ ಪಕ್ಕ ಬೇಡ.

ಎಲ್ಲಿ ಉಣುಗು ಇದೆ ಅಂತ ತಿಳಿಯುವ ದಾರಿಯೂ ಇದೆ. ಆರೋಗ್ಯ ಇಲಾಖೆಯವರು ಕಾಡಿನಲ್ಲಿ ಮಾಡುವುದೇ. ಹಳೆಯ ಬಿಳಿ ಪಂಚೆಯ ಒಂದು ತುದಿಯನ್ನು ಕೋಲಿಗೆ ಕಟ್ಟಿ, ಇಬ್ಬನಿ ಆರಿದ ಮೇಲೆ ಅಂಗಳದ ಅಂಚಿನ ಹುಲ್ಲು, ಎಲೆಗಳ ಮೇಲೆ ನಿಧಾನವಾಗಿ ಎಳೆಯಿರಿ. ಆಗಾಗ ನಿಂತು ಬಟ್ಟೆಯ ಎರಡೂ ಬದಿ ನೋಡಿ. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ ಹರಿದಾಡಿದರೆ ಗುಟ್ಟು ಸಿಕ್ಕಿತು. ಗಂಬೂಟು, ತುಂಬುತೋಳಿನ ಅಂಗಿ ಹಾಕಿಕೊಂಡೇ ಮಾಡಿ, ಮಕ್ಕಳ ಕೈಲಿ ಮಾಡಿಸಬೇಡಿ. ಆಮೇಲೆ ಪಂಚೆಯನ್ನು ಕುದಿಯುವ ನೀರಲ್ಲಿ ಅದ್ದಿ. ಉಣುಗು ಸಿಕ್ಕ ಜಾಗದಲ್ಲೇ ಮೊದಲು ಕೆತ್ತಿ, ಗುಡಿಸಿ, ಬಿಸಿಲು ಬಿಡಿಸಿ.

ಅಂಗಳಕ್ಕೆಲ್ಲ ವಿಷ ಹೊಡೆಯುವುದಕ್ಕೆ ನಾನು ಯಾಕೆ ಒಪ್ಪುವುದಿಲ್ಲ ಅಂದರೆ, ಎಲೆಯಡಿ ಅಡಗಿರುವ ಉಣುಗಿಗೆ ಅದು ಸರಿಯಾಗಿ ತಲುಪುವುದಿಲ್ಲ. ತಲುಪುವುದು ಹೂವಿಗೆ ಬಂದ ಜೇನಿಗೆ. ಮಳೆ ಬಂದರೆ ತೋಟದ ಕಾಲುವೆಗೆ ಇಳಿದು ಮೀನು, ಏಡಿಗೆ. ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಎರಡೂ ಜೇನಿಗೂ ಮೀನಿಗೂ ಕಟು ವಿಷ. ಜೇನುಪೆಟ್ಟಿಗೆ ಇಟ್ಟವರ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಂಗ ಸತ್ತ ಜಾಗದ ಸುತ್ತ ಇಲಾಖೆಯವರು ಮೆಲಾಥಿಯಾನ್ ಪುಡಿ ಹಾಕುವುದು ಬೇರೆ ಲೆಕ್ಕ. ಮಂಗದ ದೇಹ ತಣ್ಣಗಾಗುತ್ತಿದ್ದಂತೆ ಅದರ ಮೈಯಲ್ಲಿದ್ದ ಉಣುಗುಗಳು ಇಳಿದು ಅಲ್ಲೇ ಸುತ್ತ ಹರಡುತ್ತವೆ. ಹಾಗಾಗಿ ಆ ಚಿಕ್ಕ ಜಾಗಕ್ಕೆ ಪುಡಿ ಬೇಕೇ ಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ, ಹೂಳಲು ನೀವೇ ಮುಂದಾಗಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ.

ಕೋಳಿ ಸಾಕಿದರೆ ಉಣುಗು ತಿಂದು ಮುಗಿಸುತ್ತವಂತೆ ಹೌದಾ, ಅಂತ ಕೇಳುತ್ತಾರೆ. ಒಂದಷ್ಟು ತಿನ್ನುತ್ತವೆ. ಆದರೆ ಮರಿ ಉಣುಗು ಹಕ್ಕಿಗಳ ಮೈಗೂ ಹತ್ತುತ್ತದೆ. ಕೋಳಿಯನ್ನು ನಂಬಿ ಕೂರಬೇಡಿ.

ನಾಯಿಯದು ಬೇರೆ ಕಥೆ. ಬೆಂಗಳೂರು, ಮೈಸೂರಿನ ಮನೆಗಳಲ್ಲಿ "ಕಾಡೇ ಇಲ್ಲ, ಗೋಡೆ ಮೇಲೆ ಉಣ್ಣೆ ಹತ್ತುತ್ತಿದೆ" ಅನ್ನುವವರು ನೋಡುವುದು ನಾಯಿಯ ಕಂದು ಉಣ್ಣೆ. ಇದು ಮಂಗನ ಕಾಯಿಲೆಯ ಉಣುಗಲ್ಲ. ಇದರ ಮೂರೂ ಹಂತಕ್ಕೆ ನಾಯಿಯೇ ಸಾಕು, ಒಣ ಜಾಗದಲ್ಲೂ ಬದುಕುತ್ತದೆ, ಗೋಡೆಯ ಸಂದಿ, ಬಾಗಿಲ ಚೌಕಟ್ಟು, ನಾಯಿಗೂಡಿನ ಮೂಲೆಯಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಅಂಗಳ ಕೆತ್ತಿ ಇದಕ್ಕೆ ಉಪಯೋಗವಿಲ್ಲ. ನಾಯಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳು ಈಗ ಸಿಗುತ್ತವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಜೊತೆಗೆ ಸಂದಿಗಳನ್ನು ಮುಚ್ಚಿ, ನಾಯಿಯ ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಎಚ್ಚರ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯಬಲ್ಲದು. ಮಲೆನಾಡಿನ ನಾಯಿಗೆ ಇನ್ನೊಂದು ಅಪಾಯ ಇದೆ. ಕಾಡು ಸುತ್ತಿ ಬಂದು ಮಂಚದ ಮೇಲೆ ಮಲಗುವ ನಾಯಿ ಕಾಡಿನ ಉಣುಗನ್ನೇ ಹಾಸಿಗೆಗೆ ತರುತ್ತದೆ. ಬೇಸಿಗೆಯಲ್ಲಿ ಅದು ಹೊರಗೇ ಮಲಗಲಿ.

ಇಷ್ಟೆಲ್ಲ ಮಾಡಿದರೂ ಕಾಡು, ಬೆಟ್ಟಕ್ಕೆ ಹೋಗದೆ ಮಲೆನಾಡಿನಲ್ಲಿ ಬದುಕು ನಡೆಯುವುದಿಲ್ಲ. ಹೋಗುವಾಗ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ, ಉಣುಗನ್ನು ದೂರ ಇಡುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕತ್ತಿಗೆ ಹಚ್ಚಿಕೊಳ್ಳಿ. ಅದರ ಪರಿಣಾಮ ಕೆಲವು ಗಂಟೆ ಮಾತ್ರ. ಬಂದ ಕೂಡಲೇ ಹೊರಗಿನ ಬಚ್ಚಲಲ್ಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗುವ ಹಾಗೆ ಹಿಡಿದು ನೇರವಾಗಿ, ಒಂದೇ ಸಮನೆ ಎಳೆಯಿರಿ. ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪಿನ ರಸ, ಬೆಂಕಿಕಡ್ಡಿ ಯಾವುದೂ ಬೇಡ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಗೆ ಇವತ್ತಿಗೂ ಅದಕ್ಕೇ ಅಂತ ಔಷಧಿ ಇಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯನ್ನು ರಕ್ಷಣೆ ಸಾಲದು ಎಂದು ಈಚೆಗೆ ನಿಲ್ಲಿಸಲಾಗಿದೆ, ಹೊಸದರ ಕೆಲಸ ನಡೆಯುತ್ತಿದೆ. 2019ರ ಬೇಸಿಗೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಎಷ್ಟು ಮನೆಗಳು ನೋವುಂಡವು ಅನ್ನುವುದು ಈ ಭಾಗದವರಿಗೆ ಗೊತ್ತೇ ಇದೆ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು ಮೆದುಳಿಗೆ ತೊಂದರೆ ಕೊಡುವುದೂ ಉಂಟು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕಾಯಬೇಡಿ. ಮೊದಲ ದಿನಗಳಲ್ಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಿ. ದರಕು ತಂದಿದ್ದು, ದನ ಮೇಯಿಸಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು, ಇದನ್ನೆಲ್ಲ ವೈದ್ಯರು ಕೇಳದಿದ್ದರೂ ನೀವೇ ಹೇಳಿ.