ಪಕ್ಕದ ಮನೆಯೂ ಖಾಲಿ ಇದ್ದಾಗ: ಕಳೆಯುವ ಲೆಕ್ಕದ ಸೊನ್ನೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದೇನೆ. ಬಿಎ ಮಾಡಿದವಳು ನಾನು, ಹತ್ತನೇ ಕ್ಲಾಸು ಮುಗಿದ ದಿನವೇ ಗಣಿತಕ್ಕೆ ಕೈ ಮುಗಿದಿದ್ದೆ. ಈಗ ಶೇಕಡಾ, ಲಾಭ-ನಷ್ಟ, ಬಡ್ಡಿ ಎಲ್ಲದರ ಸೂತ್ರ ಬಾಯಿಪಾಠ ಆಗಿದೆ, ಆದರೂ ಉತ್ತರ ತಪ್ಪಾಗುತ್ತಿತ್ತು. ಕುಳಿತು ಹುಡುಕಿದರೆ ಸೂತ್ರ ಸರಿಯಾಗೇ ಇದೆ, ಕೊನೆಯಲ್ಲಿ ಕಳೆಯುವಾಗ ಎಡವಿದ್ದೇನೆ. ಮೂರನೇ ಕ್ಲಾಸಿನ ಲೆಕ್ಕ! ನಾಚಿಕೆ ಬಿಟ್ಟು ಎರಡು ದಿನ ಅದನ್ನೇ ಹಿಡಿದು ಕೂತೆ. ಮರೆತು ಹೋಗುವ ಮೊದಲು ಬರೆದಿಡುತ್ತಿದ್ದೇನೆ, ನನ್ನ ಹಾಗೇ ಒದ್ದಾಡುವವರು ಇದ್ದರೆ ಓದಿಕೊಳ್ಳಿ.

ಕೂಡುವುದರ ಬಗ್ಗೆ ಜಾಸ್ತಿ ಹೇಳಲ್ಲ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ಬರೆಯಬೇಕು, ಬಲಗಡೆಯಿಂದ ಶುರು ಮಾಡಬೇಕು. 478 ಮತ್ತು 356 ಕೂಡಿಸುವಾಗ 8 ಮತ್ತು 6 ಸೇರಿ 14, ಅದರಲ್ಲಿ 4 ಕೆಳಗೆ, ದಶಕ 1 ಪಕ್ಕದ ಮನೆಗೆ. ಕೊನೆಗೆ 834. ಒಂದೇ ಎಚ್ಚರಿಕೆ: ಸಂಖ್ಯೆಗಳು ಉದ್ದ-ಗಿಡ್ಡ ಇದ್ದರೆ ಬಲತುದಿ ಸರಿಹೊಂದಿಸಿ. 1250ರ ಕೆಳಗೆ 85 ಅನ್ನು ಎಡಕ್ಕೆ ಅಂಟಿಸಿ ಬರೆದರೆ ಆ ಎಂಬತ್ತೈದು ಎಂಟು ಸಾವಿರದ ಐನೂರು ಆಗಿಬಿಡುತ್ತದೆ. ಇಷ್ಟು ಸಾಕು.

ಈಗ ಕಳೆಯುವುದು. ಕೂಡುವಾಗ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಚಿಂತೆ ಇಲ್ಲ. ಇಲ್ಲಿ ಇದೆ. ಮೇಲಿನದು ನಮ್ಮ ಹತ್ತಿರ ಇರುವ ದುಡ್ಡು, ಕೆಳಗಿನದು ಕೊಡಬೇಕಾದದ್ದು. ನನ್ನ ಮೊದಲ ತಪ್ಪು ಇದನ್ನು ಮರೆತದ್ದೇ.

ಪಕ್ಕದಲ್ಲಿ ಸಾಮಾನ್ಯ ಜ್ಞಾನದ ನೋಟ್‌ಬುಕ್ ತೆರೆದಿತ್ತು. ಗಂಗೂಬಾಯಿ ಹಾನಗಲ್ ಧಾರವಾಡದಲ್ಲಿ ಹುಟ್ಟಿದ್ದು 1913ರಲ್ಲಿ, ಹುಬ್ಬಳ್ಳಿಯಲ್ಲಿ ತೀರಿಕೊಂಡದ್ದು 2009ರಲ್ಲಿ. ಎಷ್ಟು ವರ್ಷ ಬದುಕಿದ್ದರು ನೋಡೋಣ ಅಂತ ಸುಮ್ನೆ ಕಳೆದೆ. 9ರಲ್ಲಿ 3 ಹೋದರೆ 6. ಹತ್ತರ ಮನೆಯಲ್ಲಿ ಮೇಲೆ 0, ಕೆಳಗೆ 1. ಕೈ ತಾನಾಗಿ 1 ಬರೆಯಿತು. ನೂರರ ಮನೆಯಲ್ಲಿ 0 ಮತ್ತು 9, ಅಲ್ಲಿ 9 ಬರೆದೆ. 2ರಲ್ಲಿ 1 ಹೋದರೆ 1. ಉತ್ತರ 1916! ಗಂಗೂಬಾಯಿ ಸಾವಿರದ ಒಂಬೈನೂರ ಹದಿನಾರು ವರ್ಷ ಬದುಕಿದರಂತೆ. ರೂಮ್‌ಮೇಟ್ ನಕ್ಕು ನಕ್ಕು ಸಾಕಾದಳು.

ನಾನು ಮಾಡಿದ್ದೇನು ಅಂದರೆ, ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದೆ. ಮೇಲೆ 0 ಇದ್ದು ಕೆಳಗೆ 1 ಇದ್ದರೆ ಅರ್ಥ, ನನ್ನ ಹತ್ತಿರ ಹತ್ತರ ನೋಟು ಒಂದೂ ಇಲ್ಲ, ಆದರೆ ಒಂದು ಕೊಡಬೇಕು. ತಿರುಗಿಸಿ ಕಳೆದರೆ ಕೊಡಬೇಕಾದ ನೋಟನ್ನು ನಾನೇ ಜೇಬಿಗೆ ಹಾಕಿಕೊಂಡಂತೆ.

ಸರಿ, ಪಕ್ಕದ ಮನೆಯಿಂದ ಸಾಲ ತರಬೇಕು. ಇದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯೂ ಖಾಲಿ ಇದ್ದರೆ? ನಾನು ಸಿಕ್ಕಿಬಿದ್ದದ್ದು ಇಲ್ಲೇ. ಶಾಲೆಯಲ್ಲಿ ಕೇಳಿದಾಗ ಸಿಕ್ಕ ಉತ್ತರ, "ನಡುವಿನ ಸೊನ್ನೆ ಒಂಬತ್ತಾಗ್ತದ, ಕೊನೇ ಸೊನ್ನೆ ಹತ್ತಾಗ್ತದ, ಬರ್ಕೊ." ಬರೆದುಕೊಂಡೆ. ಆದರೆ ಒಂದು ಸೊನ್ನೆ ಒಂಬತ್ತು, ಇನ್ನೊಂದು ಸೊನ್ನೆ ಹತ್ತು ಯಾಕೆ? ಎರಡೂ ಸೊನ್ನೆಯೇ ಅಲ್ವಾ? ಇಷ್ಟು ವರ್ಷ ಇದು ತಲೆಗೆ ಹೋಗಿರಲಿಲ್ಲ, ಅದಕ್ಕೇ ಯಾವುದು ಒಂಬತ್ತು, ಯಾವುದು ಹತ್ತು ಅಂತ ಪ್ರತಿ ಸಲ ಅದಲು ಬದಲು ಮಾಡುತ್ತಿದ್ದೆ.

ನೋಟುಗಳನ್ನು ಇಟ್ಟುಕೊಂಡು ನೋಡಿದಾಗ ತಿಳಿಯಿತು. ನಿಮ್ಮ ಹತ್ತಿರ ಸಾವಿರದ ನೋಟು ಎರಡು, ಒಂದು ರೂಪಾಯಿಯ ನಾಣ್ಯ ಒಂಬತ್ತು ಇವೆ ಅಂದುಕೊಳ್ಳಿ (ಸಾವಿರದ ನೋಟು 2016ರಲ್ಲೇ ಹೋಯಿತು, ಲೆಕ್ಕಕ್ಕೆ ಮಾತ್ರ ಇರಲಿ). ಅಂದರೆ 2009. ಕೊಡಬೇಕಾದದ್ದು 1913. ಮೂರು ನಾಣ್ಯ ಕೊಟ್ಟಿರಿ, ಆರು ಉಳಿದವು. ಈಗ ಹತ್ತರ ನೋಟು ಒಂದು ಬೇಕು, ಇಲ್ಲ. ನೂರರ ನೋಟು ಮುರಿಸೋಣ ಅಂದರೆ ಅದೂ ಇಲ್ಲ. ಆಗ ಒಂದು ಸಾವಿರದ ನೋಟು ಮುರಿಸುತ್ತೀರಿ. ಏನು ಸಿಕ್ಕಿತು? ನೂರರ ನೋಟು ಹತ್ತು. ಗಮನಿಸಿ, ಹತ್ತು, ಒಂಬತ್ತಲ್ಲ. ಆದರೆ ನಮಗೆ ಬೇಕಿದ್ದದ್ದು ನೂರರ ನೋಟಲ್ಲ, ಹತ್ತರದ್ದು. ಅದಕ್ಕೆ ಆ ಹತ್ತರಲ್ಲಿ ಒಂದು ನೂರನ್ನು ಮತ್ತೆ ಮುರಿಸಿದಿರಿ. ಹತ್ತರ ನೋಟು ಹತ್ತು ಬಂದವು, ನೂರರವು ಒಂಬತ್ತು ಉಳಿದವು.

ಅಷ್ಟೇ ಗುಟ್ಟು. ನಡುವಿನ ಸೊನ್ನೆ ಮೊದಲು ಹತ್ತೇ ಆಗುತ್ತದೆ, ಆಮೇಲೆ ಪಕ್ಕದವರಿಗೆ ಒಂದು ಕೊಟ್ಟು ಒಂಬತ್ತಾಗುತ್ತದೆ. ಸಾಲ ಕೇಳಿದ ಮನೆ ಯಾರಿಗೂ ಕೊಡಬೇಕಾಗಿಲ್ಲ, ಅದಕ್ಕೇ ಅಲ್ಲಿ ಹತ್ತು ಹತ್ತಾಗಿಯೇ ಉಳಿಯುತ್ತದೆ. ಈಗ ಕೈಯಲ್ಲಿ ಒಂದು ಸಾವಿರ, ಒಂಬತ್ತು ನೂರು, ಹತ್ತು ಹತ್ತು, ಉಳಿದ ಆರು ನಾಣ್ಯ. ಆಗಲೇ ಕೊಟ್ಟ ಮೂರು ನಾಣ್ಯವನ್ನೂ ಸೇರಿಸಿ ಎಣಿಸಿ ನೋಡಿ, ಇನ್ನೂ 2009ಯೇ. ದುಡ್ಡು ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ, ಚಿಲ್ಲರೆ ಆಗಿದೆ ಅಷ್ಟೇ. ನಿಜ ಹೇಳಬೇಕೆಂದರೆ ಇದಕ್ಕೆ ಸಾಲ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ, ಯಾರೂ ಏನನ್ನೂ ವಾಪಸ್ ಕೊಡುವುದಿಲ್ಲವಲ್ಲ! ಹತ್ತರಲ್ಲಿ 1 ಹೋಗಿ 9, ಒಂಬತ್ತರಲ್ಲಿ 9 ಹೋಗಿ 0, ಒಂದರಲ್ಲಿ 1 ಹೋಗಿ 0. ಉತ್ತರ 96.

ಇದರಿಂದಲೇ ನನಗೊಂದು ಸುಲಭ ದಾರಿ ಸಿಕ್ಕಿತು, ಈಗ ಅದನ್ನೇ ಎಲ್ಲ ಕಡೆ ಮಾಡುತ್ತೇನೆ. 5003ರಲ್ಲಿ 1748 ಕಳೆಯಬೇಕು. ಬಿಡಿಯ 3ರ ಮೇಲೆ ಬೆರಳು ಇಟ್ಟು ಮುಚ್ಚಿ. ಉಳಿದದ್ದು 500. ಅಂದರೆ ಈ ಸಂಖ್ಯೆಯಲ್ಲಿ ಐನೂರು ಹತ್ತುಗಳಿವೆ. ಅದರಲ್ಲಿ ಒಂದು ತೆಗೆದರೆ 499. ಮುಗೀತು! 500 ಹೊಡೆದು 499 ಬರೆಯಿರಿ, 3 ಇದ್ದದ್ದು 13 ಆಯಿತು. 13ರಲ್ಲಿ 8 ಹೋಗಿ 5, 9ರಲ್ಲಿ 4 ಹೋಗಿ 5, 9ರಲ್ಲಿ 7 ಹೋಗಿ 2, 4ರಲ್ಲಿ 1 ಹೋಗಿ 3. ಉತ್ತರ 3255. ಸೊನ್ನೆಯಿಂದ ಸೊನ್ನೆಗೆ ಹಾರುತ್ತಾ ಹೋಗುವುದಿಲ್ಲ, ಐದನ್ನು ನಾಲ್ಕು ಮಾಡಲು ಮರೆಯುವ ಭಯವೂ ಇಲ್ಲ. ಮೊದಲು ನಾನು ಮರೆತು 4255 ಬರೆದಿದ್ದೆ. ಉತ್ತರವನ್ನು 1748ಕ್ಕೆ ಕೂಡಿಸಿ 5003 ಬರುತ್ತದಾ ನೋಡಿಬಿಟ್ಟರೆ ಇಂಥದ್ದು ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು ದಾರಿ ಇದೆ. ಎರಡರಲ್ಲೂ ನಾಲ್ಕು ನಾಲ್ಕು ಕಡಿಮೆ ಮಾಡಿ: 4999 ಮತ್ತು 1744. ಈಗ ಎಲ್ಲೂ ಮುರಿಸಬೇಕಾಗಿಲ್ಲ, ಅದೇ 3255. ಯಾಕೆ ಬರುತ್ತದೆ ಅಂದರೆ, ಅಕ್ಕನಿಗೂ ನನಗೂ ಇರುವ ವಯಸ್ಸಿನ ಅಂತರ ನಾಲ್ಕು ವರ್ಷದ ಹಿಂದೆಯೂ ಅಷ್ಟೇ ಇತ್ತು. ಸಾವಿರ, ಹತ್ತು ಸಾವಿರದಂಥ ಸಂಖ್ಯೆಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ, ಒಂದೇ ಒಂದು ಕಡಿಮೆ ಮಾಡಿದರೆ ಸಾಕು.

ಇನ್ನು ಸಂತೆಯ ಲೆಕ್ಕ. ತರಕಾರಿ ಮಾರುವ ಅಜ್ಜಿ ಕಳೆಯುವುದೇ ಇಲ್ಲ. 367 ರೂಪಾಯಿಗೆ ಐನೂರರ ನೋಟು ಕೊಟ್ಟೆ. "ಮುನ್ನೂರಾ ಅರವತ್ತೇಳಾತಲ್ಲವಾ... ತಗೋ ಮೂರು, ಎಪ್ಪತ್ತಾತು. ಮೂವತ್ತು, ನಾಕನೂರಾತು. ನೂರು, ಐನೂರಾತು ನೋಡವಾ" ಅಂತ ಕೈಗಿಟ್ಟಳು. ಮೂರು, ಮೂವತ್ತು, ನೂರು ಸೇರಿ 133. ಕಳೆಯುವುದನ್ನು ಕೂಡುತ್ತಾ ಮುಗಿಸಿದಳು! ಕಾಗದ ಇಲ್ಲದಾಗ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1507ರಲ್ಲಿ 1366 ಕಳೆಯುವುದನ್ನೂ ಹೀಗೇ ಮಾಡಬಹುದು: 34 ಸೇರಿಸಿದರೆ 1400, ಇನ್ನು 107 ಬೇಕು, ಒಟ್ಟು 141. ಈ ಸಂಖ್ಯೆಗಳು ಎಲ್ಲಿಯವು ಅಂದರೆ, ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರು, ಅದಕ್ಕೂ ಮೊದಲು ದಾಖಲೆ ಇದ್ದ ಗೋರಖ್‌ಪುರದ್ದು ಸುಮಾರು 1366.

ವಯಸ್ಸಿನ ಲೆಕ್ಕದಲ್ಲಿ ಒಂದು ಮೋಸ ಇದೆ. ಗದಗಿನ ಭೀಮಸೇನ ಜೋಶಿ ಹುಟ್ಟಿದ್ದು 1922, ತೀರಿಕೊಂಡದ್ದು 2011. ಕಳೆದರೆ 89, ಅಂಕಿ ಸರಿಯೇ. ಆದರೆ ಹುಟ್ಟಿದ್ದು ಫೆಬ್ರವರಿ 4, ತೀರಿಕೊಂಡದ್ದು ಜನವರಿ 24. ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರಲಿಲ್ಲ, ಹಾಗಾಗಿ ತುಂಬಿದ್ದು 88. ಗಂಗೂಬಾಯಿಯವರದು ಮಾರ್ಚ್‌ನಲ್ಲಿ ಹುಟ್ಟು, ಜುಲೈನಲ್ಲಿ ಸಾವು, ಅದಕ್ಕೆ 96 ಸರಿ ಬಂತು.

ಮಾಡಿ ನೋಡಿ: 3000 − 1286, 7002 − 3456, 6010 − 2734. ಉತ್ತರ 1714, 3546, 3276. ಮೂರನೆಯದರಲ್ಲಿ ನಾನು ನಿನ್ನೆ ರಾತ್ರಿಯೂ ತಪ್ಪಿದೆ. ಅದರಲ್ಲಿ ಎರಡು ಸಲ ಬೆರಳು ಇಡಬೇಕು. ಮೊದಲು ಬಿಡಿ ಮುಚ್ಚಿದರೆ 601, ಒಂದು ತೆಗೆದು 600. ಈಗ ಹತ್ತರ ಮನೆ ಖಾಲಿಯಾಯಿತು, ಅದನ್ನೂ ಮುಚ್ಚಿ, 60 ಇದ್ದದ್ದು 59. ನನಗೆ ಬಂದದ್ದು 3376: ನೂರರ ಸೊನ್ನೆಯನ್ನು ಹತ್ತು ಮಾಡಿ ಹಾಗೇ ಬಿಟ್ಟಿದ್ದೆ, ಅದು ಪಕ್ಕಕ್ಕೆ ಒಂದು ಕೊಟ್ಟದ್ದನ್ನು ಮತ್ತೆ ಮರೆತಿದ್ದೆ.